ಹದಿನಾರಕ್ಕೆ ತೆರೆದ ಗೇಟು

(ಪಿಯು ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಪೋಷಕರು ಮತ್ತು ಉಪನ್ಯಾಸಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ಕೂತಿರುವ ಮಕ್ಕಳಿಗೆ ಈಗ ಹದಿನಾರೋ ಹದಿನೇಳೋ ವರ್ಷ. ಎಸ್‌ಎಸ್‌ಎಲ್‌ಸಿ ಮುಗಿಸಿದ್ದೀರಿ. ಹಳೆಯ ಶಾಲೆ ಬಿಟ್ಟಿದ್ದೀರಿ. ಡಿಗ್ರಿ ಇನ್ನೂ ದೂರ ಇದೆ. ಈ ನಡುವಿನ ಎರಡು ವರ್ಷದ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ನಾನು ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡಿದವನು. ಆದರೂ ಇವತ್ತು ಹೇಳುವುದು ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನ ಒಂದು ಕಾಲೇಜಿನ ಕಥೆ.

ಮಗಳು, ಅಳಿಯ ಅಲ್ಲಿದ್ದಾರೆ. ನಿವೃತ್ತಿಯಾದ ಮೇಲೆ ಆರು ತಿಂಗಳು ಅವರ ಮನೆಯಲ್ಲಿದ್ದೆ. ಮಧ್ಯಾಹ್ನ ಊಟ ಆದ ಮೇಲೆ ವಿಕ್ಟೋರಿಯಾ ಪಾರ್ಕಿನ ಕಡೆ ನಡೆದು ಹೋಗುವುದು ರೂಢಿಯಾಗಿತ್ತು. ಪಾರ್ಕಿನ ಪಕ್ಕದಲ್ಲಿ ಲೆಸ್ಟರ್ ಯೂನಿವರ್ಸಿಟಿ ಇದೆ. ಅದನ್ನು ದಾಟಿ ಯೂನಿವರ್ಸಿಟಿ ರೋಡಿಗೆ ಬಂದರೆ ಇನ್ನೊಂದು ಗೇಟು. ಒಂದು ದಿನ ಆ ಗೇಟಿನಿಂದ ಮಕ್ಕಳು ಗುಂಪುಗುಂಪಾಗಿ ಹೊರಗೆ ಬರುತ್ತಿದ್ದರು. ಯೂನಿಫಾರ್ಮ್ ಇಲ್ಲ. ಕಿವಿಗೆ ಇಂಗ್ಲಿಷಿನ ಜೊತೆ ಗುಜರಾತಿಯೂ ಬಿತ್ತು, ಪಂಜಾಬಿಯೂ ಬಿತ್ತು. ವಯಸ್ಸು ನೋಡಿದರೆ ನಮ್ಮ ಪಿಯು ಮಕ್ಕಳೇ. ಬೋರ್ಡು ಓದಿದೆ: ವಿಗೆಸ್ಟನ್ ಅಂಡ್ ಕ್ವೀನ್ ಎಲಿಜಬೆತ್ ದಿ ಫಸ್ಟ್ ಕಾಲೇಜ್. ಊರವರು ಇಷ್ಟುದ್ದ ಹೆಸರು ಹೇಳುವುದಿಲ್ಲ. ಡಬ್ಲ್ಯೂಕ್ಯೂಇ ಎಂದುಬಿಡುತ್ತಾರೆ.

ಇಂಥದ್ದಕ್ಕೆ ಅಲ್ಲಿ ಸಿಕ್ಸ್ತ್ ಫಾರ್ಮ್ ಕಾಲೇಜ್ ಎನ್ನುತ್ತಾರೆ. ಇಂಗ್ಲೆಂಡಿನ ಹಳೆಯ ಹೈಸ್ಕೂಲುಗಳಲ್ಲಿ ತರಗತಿಗೆ ಫಾರ್ಮ್ ಎಂಬ ಹೆಸರಿತ್ತು. ಒಂದನೇ ಫಾರ್ಮಿನಿಂದ ಐದನೇ ಫಾರ್ಮಿನವರೆಗೆ ಎಲ್ಲರೂ ಓದುತ್ತಿದ್ದರು. ಆರನೆಯದಕ್ಕೆ ಉಳಿಯುತ್ತಿದ್ದವರು ಕೆಲವೇ ಮಂದಿ, ಯೂನಿವರ್ಸಿಟಿಗೆ ಹೋಗುವ ಆಸೆ ಇದ್ದವರು. ಆ ಆರನೇ ಫಾರ್ಮ್ ಎರಡು ವರ್ಷದ್ದು. ಅದನ್ನು ಶಾಲೆಯಿಂದ ಬಿಡಿಸಿ ಅದಕ್ಕೇ ಬೇರೆ ಕಾಲೇಜು ಮಾಡಿದರೆ ಹೇಗೆ ಎಂಬ ಮಾತನ್ನು 1954ರಲ್ಲಿ ಕ್ರಾಯ್ಡನ್ ಊರಿನ ಶಿಕ್ಷಣಾಧಿಕಾರಿ ಎತ್ತಿದರು. ಆಗ ಯಾರೂ ಒಪ್ಪಲಿಲ್ಲ. ಲೂಟನ್ ಊರಿನವರು 1966ರಲ್ಲಿ ಮಾಡಿಯೇ ತೋರಿಸಿದರು. ಲೆಸ್ಟರಿನ ಸರದಿ ಬಂದದ್ದು 1976ರಲ್ಲಿ.

ಆದರೆ ಈ ಕಾಲೇಜಿನ ಬೇರು 1976ರದ್ದಲ್ಲ. ಅದನ್ನು ಹುಡುಕಬೇಕಾದರೆ ಊರ ನಡುವಿನ ಕ್ಲಾಕ್ ಟವರ್ ಹತ್ತಿರ ಹೋಗಬೇಕು. 1868ರಲ್ಲಿ ಕಟ್ಟಿದ್ದು. ಅದರ ನಾಲ್ಕು ಮೂಲೆಯಲ್ಲಿ ಊರಿಗೆ ಉಪಕಾರ ಮಾಡಿದ ನಾಲ್ವರ ಮೂರ್ತಿಗಳಿವೆ. ಅವರಲ್ಲಿ ಒಬ್ಬ ವಿಲಿಯಂ ವಿಗೆಸ್ಟನ್. ಉಣ್ಣೆ ವ್ಯಾಪಾರಿ. ಊರಿನ ಮೇಯರ್ ಆಗಿದ್ದವನು. 1513ರಲ್ಲಿ ಅವನು ಬಡವರಿಗೆ, ಕುರುಡರಿಗೆ, ಕೈಕಾಲು ಆಡದವರಿಗೆ ಒಂದು ಆಶ್ರಯ ಕಟ್ಟಿಸಿದ. ಆಗ ಅದನ್ನೇ ಹಾಸ್ಪಿಟಲ್ ಎನ್ನುತ್ತಿದ್ದರು. ಅದಕ್ಕೆ ಜಮೀನು ಬಿಟ್ಟ. ಅವನು ತೀರಿಕೊಂಡ ಮೇಲೆ ತಮ್ಮ ಥಾಮಸ್ ಆ ಆಸ್ತಿಯ ಹಣದಲ್ಲಿ ಲ್ಯಾಟಿನ್ ಕಲಿಸುವ ಒಂದು ಗ್ರಾಮರ್ ಶಾಲೆಗೆ ನೆರವಾದ. ರಾಣಿ ಒಂದನೇ ಎಲಿಜಬೆತ್ ಕಾಲದಲ್ಲಿ, 1573ರಲ್ಲಿ, ಆ ಶಾಲೆಗೆ ಹೊಸ ಕಟ್ಟಡವೂ ಆಯಿತು. ಹೈಕ್ರಾಸ್ ಬೀದಿಯಲ್ಲಿ ಆ ಕಲ್ಲುಕಟ್ಟಡ ಈಗಲೂ ನಿಂತಿದೆ. ಸುತ್ತ ಈಗ ದೊಡ್ಡ ಶಾಪಿಂಗ್ ಸೆಂಟರ್. ಎಲಿಜಬೆತ್ ರಾಣಿ ಕಾಲದ ಮಕ್ಕಳು ಲ್ಯಾಟಿನ್ ಬಾಯಿಪಾಠ ಮಾಡಿದ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದೆ. ತಣ್ಣಗಿತ್ತು.

ಆ ಹಳೆಯ ಶಾಲೆ 19ನೇ ಶತಮಾನದಲ್ಲಿ ಮುಚ್ಚಿಹೋಯಿತು. ಆಸ್ತಿ ಮಾತ್ರ ಉಳಿದಿತ್ತು. ಆ ಹಣದಿಂದಲೇ 1870ರ ದಶಕದಲ್ಲಿ ಕ್ಯಾಥೆಡ್ರಲ್ ಪಕ್ಕದಲ್ಲಿ ಹುಡುಗರ ಶಾಲೆ ಬಂತು. ಸ್ವಲ್ಪ ಸಮಯದಲ್ಲೇ ಹುಡುಗಿಯರಿಗೂ ಬೇರೆ ಶಾಲೆ ಆಯಿತು. ಬಡವರಿಗೆಂದು ಬಿಟ್ಟ ಹೊಲದ ಆದಾಯ ಮುನ್ನೂರ ಅರವತ್ತು ವರ್ಷ ಆದ ಮೇಲೆ ಶಾಲೆ ಕಟ್ಟಿತು. ದತ್ತಿ ಇಡುವ ಆಲೋಚನೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಇದನ್ನು ನೆನಪಿಡಿ.

ಈಗಿನ ಜಾಗಕ್ಕೆ ಹುಡುಗರ ಶಾಲೆ ಬಂದದ್ದು 1920ರಲ್ಲಿ. ಆ ಜಾಗದ್ದೂ ಒಂದು ಕಥೆ. 1837ರಲ್ಲಿ ಅಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಇತ್ತು. ಅದು ಬೇರೆ ಕಡೆ ಹೋಯಿತು. ಮೊದಲ ಮಹಾಯುದ್ಧ ಶುರುವಾದಾಗ ಅದೇ ಕಟ್ಟಡ ಗಾಯಗೊಂಡ ಸೈನಿಕರ ಆಸ್ಪತ್ರೆಯಾಯಿತು. ಯುದ್ಧ ಮುಗಿದ ಮೇಲೆ ಥಾಮಸ್ ಫೀಲ್ಡಿಂಗ್ ಜಾನ್ಸನ್ ಎಂಬ ಬಟ್ಟೆ ಕಾರ್ಖಾನೆಯ ಮಾಲೀಕರು ಕಟ್ಟಡವನ್ನೂ ಸುತ್ತಲಿನ 37 ಎಕರೆ ಜಾಗವನ್ನೂ ಕೊಂಡು ವಿದ್ಯೆಗೆ ಕೊಟ್ಟರು. ಒಂದು ಪಾಲಿನಲ್ಲಿ ಯೂನಿವರ್ಸಿಟಿ ಕಾಲೇಜು, 1921ರಲ್ಲಿ ಶುರು; ಮುಂದೆ ಅದೇ ಲೆಸ್ಟರ್ ಯೂನಿವರ್ಸಿಟಿ ಆಯಿತು. ಇನ್ನೊಂದು ಪಾಲಿನಲ್ಲಿ ಈ ಶಾಲೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಯೂನಿವರ್ಸಿಟಿ ಅದು. ಅದರ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ ‘ಅವರಿಗೆ ಬದುಕು ಸಿಗಲಿ’ ಎಂದು. ನಾನು ಹಲವು ಕಾಲೇಜುಗಳ ಧ್ಯೇಯವಾಕ್ಯ ಓದಿದ್ದೇನೆ. ಇಷ್ಟು ಮನಸ್ಸಿಗೆ ತಟ್ಟಿದ್ದು ಇನ್ನೊಂದಿಲ್ಲ.

ಹೀಗೆ ಶಾಲೆ ಮತ್ತು ಯೂನಿವರ್ಸಿಟಿ ಅಕ್ಕಪಕ್ಕ ಬಂದವು. ಇದರಿಂದ ಏನೇನಾಯಿತು ನೋಡಿ.

1932ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಫ್ರೆಡರಿಕ್ ಆಟನ್‌ಬರೋ ಎಂಬುವವರು ಪ್ರಿನ್ಸಿಪಾಲರಾಗಿ ಬಂದರು. ಸಂಸಾರ ಕ್ಯಾಂಪಸ್ಸಿನೊಳಗಿನ ಮನೆಯಲ್ಲೇ ಇತ್ತು. ಗಂಡುಮಕ್ಕಳು ಪಕ್ಕದ ವಿಗೆಸ್ಟನ್ ಶಾಲೆಗೆ ಸೇರಿದರು. ಹಿರಿಯವರು ರಿಚರ್ಡ್, ಮುಂದೆ ‘ಗಾಂಧಿ’ ಸಿನಿಮಾ ಮಾಡಿದವರು. ಎರಡನೆಯವರು ಡೇವಿಡ್. ಟೀವಿಯಲ್ಲಿ ಕಾಡು, ಪ್ರಾಣಿ, ಸಮುದ್ರ ತೋರಿಸುತ್ತಾ ಮೆಲುದನಿಯಲ್ಲಿ ಮಾತಾಡುವ ಅಜ್ಜ, ನಿಮಗೆಲ್ಲ ಗೊತ್ತು. ಅವರಿಗೆ ಹನ್ನೊಂದರ ಆಸುಪಾಸು ವಯಸ್ಸಿದ್ದಾಗ ಯೂನಿವರ್ಸಿಟಿಯ ಪ್ರಾಣಿಶಾಸ್ತ್ರ ವಿಭಾಗಕ್ಕೆ ನ್ಯೂಟ್‌ಗಳು ಬೇಕು ಎಂಬ ಸುದ್ದಿ ಕಿವಿಗೆ ಬಿತ್ತು. ನ್ಯೂಟ್ ಎಂದರೆ ನೀರಲ್ಲೂ ನೆಲದಲ್ಲೂ ಬದುಕುವ, ಬಾಲ ಇರುವ ಸಣ್ಣ ಜೀವಿ. ಹುಡುಗ ಒಂದಕ್ಕೆ ಮೂರು ಪೆನ್ಸ್‌ನಂತೆ ಹಿಡಿದು ಕೊಟ್ಟ. ಎಲ್ಲಿಂದ ತಂದೆ ಅಂತ ಮಾತ್ರ ಹೇಳಲಿಲ್ಲ. ಆ ವಿಭಾಗದ ಬಾಗಿಲಿಂದ ಐದು ಮೀಟರ್ ಕೂಡ ಇಲ್ಲದ ಕೊಳದಿಂದ ತಂದಿದ್ದ!

ಅದೇ ಮನೆಯಲ್ಲಿ 1939ರಲ್ಲಿ ಬರ್ಲಿನ್‌ನಿಂದ ತಪ್ಪಿಸಿಕೊಂಡು ಬಂದ ಇಬ್ಬರು ಯಹೂದಿ ಹುಡುಗಿಯರಿಗೂ ಜಾಗ ಸಿಕ್ಕಿತು. ಯುದ್ಧ ಮುಗಿಯುವವರೆಗೂ ಅವರು ಮನೆಮಕ್ಕಳಂತೆ ಅಲ್ಲೇ ಬೆಳೆದರು.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ಕಥೆ.

ಲೆಸ್ಟರಿಗೆ ಹತ್ತಿರದಲ್ಲಿ ಚಾರ್ನ್‌ವುಡ್ ಎಂಬ ಗುಡ್ಡಗಾಡು ಪ್ರದೇಶ ಇದೆ. ಅಲ್ಲಿನ ಬಂಡೆಗಳು ಬಹಳ ಹಳೆಯವು, ಕೇಂಬ್ರಿಯನ್ ಎಂಬ ಪ್ರಾಚೀನ ಭೂಯುಗಕ್ಕಿಂತಲೂ ಹಿಂದಿನವು. ಅಷ್ಟು ಹಳೆಯ ಬಂಡೆಯಲ್ಲಿ ಪಳೆಯುಳಿಕೆ ಇರುವುದೇ ಇಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಪುಸ್ತಕದಲ್ಲೂ ಹಾಗೇ ಇತ್ತು. ಪಳೆಯುಳಿಕೆ ಹುಡುಕುವ ಹುಚ್ಚಿದ್ದ ಡೇವಿಡ್ ಆಟನ್‌ಬರೋ ಕೂಡ ಇದೇ ಕಾರಣಕ್ಕೆ ಆ ಕಡೆ ಹುಡುಕಲಿಲ್ಲ ಎಂದು ಮುಂದೆ ಹೇಳಿಕೊಂಡಿದ್ದಾರೆ. ನಮ್ಮ ಲಾಲ್‌ಬಾಗಿನ ಬಂಡೆ ಇದೆಯಲ್ಲ, ಅದು ಸುಮಾರು 300 ಕೋಟಿ ವರ್ಷದ್ದು. ಅದರ ಮೇಲೆ ಎಲೆಯ ಗುರುತು ಕಂಡೆ ಅಂತ ನಿಮ್ಮಲ್ಲಿ ಯಾರಾದರೂ ಬಂದು ಹೇಳಿದರೆ ನಾನೇನು ಮಾಡುತ್ತೇನೆ? ಇರಲಿಕ್ಕಿಲ್ಲಮ್ಮ ಎಂದು ಕಳಿಸುತ್ತೇನೆ, ಅಲ್ವಾ?

1956ರಲ್ಲಿ ಹಾಗೇ ಆಯಿತು. ಟೀನಾ ನೀಗಸ್ ಎಂಬ ಹದಿನೈದು ವರ್ಷದ ಹುಡುಗಿ, ಗ್ರಾಂಥಮ್ ಊರಿನವಳು, ಚಾರ್ನ್‌ವುಡ್‌ನ ಬಂಡೆಯಲ್ಲಿ ಜರೀಗಿಡದ ಎಲೆಯಂಥ ಗುರುತು ನೋಡಿದಳು. ಶಾಲೆಗೆ ಹೋಗಿ ಭೂಗೋಳದ ಟೀಚರಿಗೆ ಹೇಳಿದಳು. ಆ ಬಂಡೆಯಲ್ಲಿ ಪಳೆಯುಳಿಕೆ ಇರಲು ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಮಾತು ಅಲ್ಲಿಗೇ ನಿಂತಿತು.

ಮರುವರ್ಷ, 1957ರಲ್ಲಿ, ರೋಜರ್ ಮೇಸನ್ ಎಂಬ ಹುಡುಗ ಗೆಳೆಯರ ಜೊತೆ ಬಂಡೆ ಹತ್ತಲು ಅದೇ ಜಾಗಕ್ಕೆ ಹೋದ. ಅವನಿಗೂ ಹದಿನೈದು. ವಿಗೆಸ್ಟನ್ ಶಾಲೆಯ ವಿದ್ಯಾರ್ಥಿ. ಅದೇ ಗುರುತು ಅವನ ಕಣ್ಣಿಗೂ ಬಿತ್ತು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡ. ಅವನ ಅಪ್ಪ ಯೂನಿವರ್ಸಿಟಿಯಲ್ಲಿ ಬಿಡುವಿನ ವೇಳೆ ಪಾಠ ಮಾಡುತ್ತಿದ್ದರು. ಅಲ್ಲಿನ ಭೂವಿಜ್ಞಾನಿ ಟ್ರೆವರ್ ಫೋರ್ಡ್ ಅವರ ಪರಿಚಯ ಅಪ್ಪನಿಗಿತ್ತು. ಹುಡುಗ ಕಾಗದ ತೋರಿಸಿದ. ಫೋರ್ಡ್ ಅವರೂ ಮೊದಲು ನಂಬಲಿಲ್ಲ. ಆದರೆ ಎದ್ದು ಹೋಗಿ ಬಂಡೆ ನೋಡಿದರು. 1958ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಆ ಜೀವಿಗೆ ಚಾರ್ನಿಯಾ ಮೇಸನಿ ಎಂಬ ಹೆಸರಾಯಿತು. ಸುಮಾರು 56 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಬದುಕಿದ್ದ ಜೀವಿ ಅದು. ಭೂಮಿಯ ಮೇಲೆ ಜೀವ ಬೆಳೆದು ಬಂದ ಬಗೆಯನ್ನು ವಿಜ್ಞಾನಿಗಳು ಹೊಸದಾಗಿ ಯೋಚಿಸುವಂತಾಯಿತು.

ಇಬ್ಬರು ಮಕ್ಕಳು. ಒಂದೇ ವಯಸ್ಸು, ಒಂದೇ ಬಂಡೆ, ಒಂದೇ ಕಣ್ಣು. ಹುಡುಗಿ ಒಂದು ವರ್ಷ ಮೊದಲೇ ನೋಡಿದ್ದಳು. ರೋಜರ್ ಜಾಣ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಇದ್ದದ್ದು, ಅವಳಿಗೆ ಇಲ್ಲದ್ದು, ಕೇಳಿಸಿಕೊಂಡು ಎದ್ದು ಬರುವ ಒಬ್ಬ ಮೇಷ್ಟ್ರು. ಟೀನಾ ಮೊದಲು ಕಂಡಳು ಎಂಬುದನ್ನು ಲೋಕ ಒಪ್ಪಿಕೊಳ್ಳಲು ಎಷ್ಟೋ ವರ್ಷ ಹಿಡಿಯಿತು. ಒಂದು ಕಾಲೇಜಿನ ಸೌಲಭ್ಯ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಲ್ಯಾಬು, ಪ್ರೊಜೆಕ್ಟರು ಆಮೇಲೆ.

ರೋಜರ್‌ನಂಥ ಹುಡುಗರು ಆ ಶಾಲೆಗೆ ಹೇಗೆ ಸೇರುತ್ತಿದ್ದರು? 1944ರ ಶಿಕ್ಷಣ ಕಾಯಿದೆಯಾದ ಮೇಲೆ ಹೈಸ್ಕೂಲು ಓದು ಉಚಿತವಾಯಿತು. ಆದರೆ ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ. ಪಾಸಾದವರು ವಿಗೆಸ್ಟನ್‌ನಂಥ ಗ್ರಾಮರ್ ಶಾಲೆಗೆ, ಉಳಿದವರು ಬೇರೆ ಶಾಲೆಗೆ. ಹನ್ನೊಂದು ಅಂದರೆ ನಮ್ಮ ಐದನೇ ಕ್ಲಾಸು, ಆರನೇ ಕ್ಲಾಸಿನ ಮಗು. ಅಷ್ಟು ಸಣ್ಣ ಮಗುವಿನ ಹಣೆಬರಹವನ್ನು ಒಂದು ದಿನದ ಉತ್ತರ ಪತ್ರಿಕೆ ನೋಡಿ ಬರೆದುಬಿಡುತ್ತಿದ್ದರು. ಇದು ಸರಿಯಲ್ಲ ಎಂಬ ಕೂಗು ಜಾಸ್ತಿಯಾಯಿತು. 1965ರಲ್ಲಿ ಸರ್ಕಾರ ಎಲ್ಲ ಜಿಲ್ಲೆಗಳಿಗೂ ಈ ವಿಂಗಡಣೆ ಬಿಡಲು ಯೋಜನೆ ಮಾಡಿ ಎಂದು ಸುತ್ತೋಲೆ ಕಳಿಸಿತು. ಲೆಸ್ಟರ್ ಊರು 1976ರಲ್ಲಿ ಹೊಸ ವ್ಯವಸ್ಥೆಗೆ ಬಂತು. ಹುಡುಗರ ಶಾಲೆ, ಹುಡುಗಿಯರ ಶಾಲೆ ಎರಡೂ ಸಿಕ್ಸ್ತ್ ಫಾರ್ಮ್ ಕಾಲೇಜುಗಳಾದವು. ರೀಜೆಂಟ್ ರೋಡಿನಲ್ಲಿದ್ದ ಹುಡುಗಿಯರ ಶಾಲೆ ಮುಂದೆ ರೀಜೆಂಟ್ ಕಾಲೇಜ್ ಎಂದಾಯಿತು. 2018ರಲ್ಲಿ ಎರಡೂ ಕಾಲೇಜು ಒಂದಾದವು. ಈಗ ಒಂದೇ ಕಾಲೇಜಿಗೆ ಎರಡು ಕ್ಯಾಂಪಸ್.

ಇನ್ನು ಮಗಳ ಪಕ್ಕದ ಮನೆಯವರ ವಿಷಯ. ಗುಜರಾತಿ ಹಿರಿಯರು, ಆಫ್ರಿಕಾದ ಉಗಾಂಡಾ ದೇಶದ ಕಂಪಾಲಾದಲ್ಲಿ ಹುಟ್ಟಿದವರು. ನಾನು ಭಾಯಿ ಎನ್ನುತ್ತಿದ್ದೆ, ಅವರೂ ನನ್ನನ್ನು ಹಾಗೇ ಕರೆಯುತ್ತಿದ್ದರು. ನಮ್ಮಿಬ್ಬರ ಮಾತು ಹಿಂದಿಯಲ್ಲಿ. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮಿನ್ ಅಲ್ಲಿನ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಎಂದಾಗ ಅವರ ಮನೆಯವರೂ ಹೊರಟರು. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಲೆಸ್ಟರಿನಲ್ಲಿ ಮೊದಲೇ ನೆಂಟರಿಷ್ಟರು ಇದ್ದದ್ದರಿಂದ ಬಹಳ ಮಂದಿ ಅಲ್ಲಿಗೆ ಹೊರಟಿದ್ದರು. ಆಗ ಲೆಸ್ಟರಿನ ನಗರಸಭೆ ಉಗಾಂಡಾದ ಪೇಪರಿನಲ್ಲೇ ಜಾಹೀರಾತು ಕೊಟ್ಟು ನಮ್ಮೂರಿಗೆ ಬರಬೇಡಿ ಎಂದಿತು. ಅದರಲ್ಲಿ ಹೇಳಿದ ಕಾರಣಗಳಲ್ಲಿ ಒಂದು, ಶಾಲೆಗಳಲ್ಲಿ ಜಾಗಕ್ಕಾಗಿ ನೂರಾರು ಮಕ್ಕಳು ಕಾಯುತ್ತಿದ್ದಾರೆ ಎಂಬುದು. ಆದರೂ ಸಾವಿರಾರು ಜನ ಬಂದರು.

ಭಾಯಿಯ ತಂಗಿಗೆ ಆಗ ಹನ್ನೆರಡು ವರ್ಷ. ಹನ್ನೊಂದನೇ ವಯಸ್ಸಿನಲ್ಲಿ ಅವರು ಕಂಪಾಲಾದಲ್ಲಿದ್ದರು. ಹಾಗಾಗಿ ಗ್ರಾಮರ್ ಶಾಲೆಯ ಪರೀಕ್ಷೆ ಅವರ ಪಾಲಿಗೆ ಬರಲೇ ಇಲ್ಲ. ಹಳೆಯ ವ್ಯವಸ್ಥೆ ಇದ್ದಿದ್ದರೆ ಆ ಗೇಟು ಅಲ್ಲಿಗೆ ಮುಚ್ಚಿದಂತೆ. ಅವರಿಗೆ ಹದಿನಾರು ತುಂಬಿದ್ದು 1976ರಲ್ಲಿ. ಊರಿನ ಯಾವ ಶಾಲೆಯಲ್ಲಿ ಓದಿದ್ದರೂ ಹದಿನಾರಕ್ಕೆ ಬಂದು ಸೇರಬಹುದು ಎಂದು ಗೇಟು ತೆರೆದ ವರ್ಷವೂ ಅದೇ. ಅವರು ಕೆಮಿಸ್ಟ್ರಿ ತೆಗೆದುಕೊಂಡರು. ಫಾರ್ಮಸಿ ಓದಿದರು. ‘ನಾಲ್ಕು ವರ್ಷ ಮೊದಲು ಬಂದಿದ್ದರೂ ಕಷ್ಟ, ನಾಲ್ಕು ವರ್ಷ ಆಮೇಲೆ ಬಂದಿದ್ದರೂ ಕಷ್ಟ’ ಎಂದು ಭಾಯಿ ಹೇಳಿದರು. ಅವರ ಮೊಮ್ಮಗ ಈಗ ಅದೇ ಕಾಲೇಜಿನಲ್ಲಿದ್ದಾನೆ. 2021ರ ಜನಗಣತಿಯಂತೆ ಲೆಸ್ಟರಿನಲ್ಲಿ ನೂರಕ್ಕೆ 43 ಮಂದಿ ಏಷ್ಯನ್ ಮೂಲದವರು. ಜಾಹೀರಾತಿನಲ್ಲಿ ಬರಬೇಡಿ ಎಂದಿದ್ದ ಊರು ಈಗ ಬೆಲ್‌ಗ್ರೇವ್ ರೋಡಿನಲ್ಲಿ ದೀಪಾವಳಿಗೆ ಬೀದಿ ತುಂಬ ದೀಪ ಹಾಕುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಈಗಲೂ ಇದು ಎಲ್ಲರಿಗೂ ಸಲೀಸಾಗಿ ಸಿಗುವುದಲ್ಲ. ಹದಿನಾರರಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಇಷ್ಟು ಗ್ರೇಡ್ ಬಂದಿರಬೇಕು ಎಂಬ ನಿಯಮ ಇರುತ್ತದೆ. ಆದರೂ ಹನ್ನೊಂದಕ್ಕೂ ಹದಿನಾರಕ್ಕೂ ನಡುವೆ ಐದು ವರ್ಷ ಇದೆ. ಮಗು ಬೆಳೆಯಲು, ಭಾಷೆ ಕಲಿಯಲು, ತನಗೇನು ಇಷ್ಟ ಅಂತ ತಿಳಿಯಲು ಆ ಐದು ವರ್ಷ ಬಹಳ ದೊಡ್ಡದು.

ಈಗ ಒಳಗಿನ ವ್ಯವಸ್ಥೆ. ಭಾಯಿಯ ಮೊಮ್ಮಗ ತನ್ನ ಟೈಮ್‌ಟೇಬಲ್ ತೋರಿಸಿದ. ಎ ಲೆವೆಲ್ ಎಂಬ ಎರಡು ವರ್ಷದ ಓದಿಗೆ ಮೂರೇ ವಿಷಯ. ಅವನದ್ದು ಗಣಿತ, ಫಿಸಿಕ್ಸ್, ಇತಿಹಾಸ. ನನಗೆ ಆಶ್ಚರ್ಯವಾಯಿತು. ಫಿಸಿಕ್ಸ್ ಜೊತೆ ಇತಿಹಾಸ! ನಮ್ಮಲ್ಲಿ ಪಿಸಿಎಂಬಿ, ಪಿಸಿಎಂಸಿ ಅಂತ ಕಟ್ಟಿಟ್ಟ ಕಾಂಬಿನೇಷನ್. ಅತ್ತಿತ್ತ ಅಲ್ಲಾಡುವ ಹಾಗಿಲ್ಲ. ಅಲ್ಲಿ ಮಗು ತಾನೇ ಆರಿಸಿಕೊಳ್ಳುತ್ತದೆ. ಒಂದು ಊರಿನ ಹತ್ತಾರು ಶಾಲೆಗಳ ಮಕ್ಕಳು ಒಂದೇ ಕಡೆ ಸೇರುವುದರಿಂದ ಹೆಚ್ಚು ಮಂದಿ ಬಯಸದ ವಿಷಯಕ್ಕೂ ಒಂದು ತರಗತಿ ತುಂಬುತ್ತದೆ. ಬೇರೆ ಕಾಲೇಜು ಮಾಡಿದ್ದರ ದೊಡ್ಡ ಲಾಭ ಇದು.

ವಿಷಯ ಮೂರೇ ಆದ್ದರಿಂದ ದಿನದಲ್ಲಿ ಬಿಡುವಿನ ಪೀರಿಯಡ್‌ಗಳು ತುಂಬಾ ಇರುತ್ತವೆ. ಅದು ಸುಮ್ನೆ ಕಳೆಯುವ ಹೊತ್ತಲ್ಲ. ಲೈಬ್ರರಿಯಲ್ಲಿ ಕೂತು ತಾನೇ ಓದುವ ಹೊತ್ತು. ಹಾಗಾಗಿ ಇಂಥ ಕಾಲೇಜುಗಳಲ್ಲಿ ಲೈಬ್ರರಿಯೇ ಮುಖ್ಯ ಜಾಗ. ಲ್ಯಾಬು, ಆಟದ ಹಾಲ್, ಕ್ಯಾಂಟೀನ್ ಇದ್ದೇ ಇರುತ್ತವೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್ ಇರುತ್ತಾರೆ. ಓದಿನಲ್ಲಿ ಹಿಂದೆ ಬಿದ್ದರೆ, ಮನೆಯಲ್ಲಿ ತೊಂದರೆ ಇದ್ದರೆ, ಯೂನಿವರ್ಸಿಟಿಗೆ ಅರ್ಜಿ ಹಾಕಬೇಕಾದರೆ ಅವರ ಹತ್ತಿರ ಹೋಗಬಹುದು. ಬಹಳಷ್ಟು ಕಾಲೇಜುಗಳಲ್ಲಿ ಮೇಷ್ಟರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ‘ಸರ್’ ಎಂದು ಕರೆಯುತ್ತಲೇ ಧೈರ್ಯವಾಗಿ ಪ್ರಶ್ನೆ ಕೇಳುವುದನ್ನು ನಮ್ಮ ಮಕ್ಕಳೂ ಕಲಿಯಬಹುದು.

ಊರೊಳಗಿನ ಕಾಲೇಜಿಗೆ ಇನ್ನೊಂದು ಅನುಕೂಲ, ಊರೇ ಅದರ ಕ್ಯಾಂಪಸ್. ಒಂದು ಕಡೆ ಯೂನಿವರ್ಸಿಟಿ. 1984ರಲ್ಲಿ ಅಲೆಕ್ ಜೆಫ್ರೀಸ್ ಅವರು ಡಿಎನ್‌ಎಯಿಂದ ವ್ಯಕ್ತಿಯ ಗುರುತು ಹಿಡಿಯುವ ವಿಧಾನ ಕಂಡುಕೊಂಡದ್ದು ಅಲ್ಲೇ. 2012ರಲ್ಲಿ ಊರ ನಡುವಿನ ಕಾರ್ ಪಾರ್ಕಿಂಗ್ ಅಗೆದು ರಾಜ ಮೂರನೇ ರಿಚರ್ಡನ ಮೂಳೆ ತೆಗೆದದ್ದೂ ಅದೇ ಯೂನಿವರ್ಸಿಟಿಯ ತಂಡ. ಇನ್ನೊಂದು ಕಡೆ ಪಾರ್ಕು, ಅದರ ಅಂಚಿನಲ್ಲಿ 1913ರ ಡಿ ಮಾಂಟ್‌ಫರ್ಟ್ ಸಂಗೀತ ಸಭಾಂಗಣ. ಪಾರ್ಕಿನಿಂದ ಊರೊಳಕ್ಕೆ ನ್ಯೂ ವಾಕ್ ಎಂಬ ಕಾಲುದಾರಿ ಇದೆ. 1785ರಿಂದಲೂ ನಡೆಯುವವರಿಗೇ ಮೀಸಲು. ಎರಡೂ ಬದಿ ದೊಡ್ಡ ಮರಗಳು. ರೀಜೆಂಟ್ ರೋಡಿನ ಕ್ಯಾಂಪಸ್ಸಿಗೆ ಹತ್ತಿರದಲ್ಲಿ ಅದೇ ದಾರಿಯ ಮೇಲೆ 1849ರ ಮ್ಯೂಸಿಯಂ ಸಿಗುತ್ತದೆ. ಆ ಚಾರ್ನಿಯಾ ಕಲ್ಲು ಇರುವುದು ಅಲ್ಲೇ. ನಾನು ಮೂರು ಸಲ ಹೋಗಿ ನೋಡಿದೆ. ಒಂದು ಅಂಗೈಗಿಂತ ತುಸು ಉದ್ದದ ಗುರುತು, ಮೆಲುವಾಗಿ ಒತ್ತಿದಂತಿದೆ. ಬೆಳಕು ಓರೆಯಾಗಿ ಬಿದ್ದಾಗ ಗೆರೆಗಳು ಕಾಣುತ್ತವೆ.

ಹಣದ ಮಾತು ಒಂದಿಷ್ಟು. 1993ರಲ್ಲಿ ಈ ಕಾಲೇಜುಗಳು ಸ್ಥಳೀಯ ಆಡಳಿತದ ಕೈಯಿಂದ ಹೊರಬಂದು ತಮ್ಮ ಕಾಲ ಮೇಲೆ ನಿಂತವು. ಸರ್ಕಾರ ಕಾಲೇಜಿಗೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ವರ್ಷಕ್ಕೆ 4,000 ಪೌಂಡ್ ಕೊಡುವುದು ಎಂದು 2013ರಲ್ಲಿ ಗೊತ್ತುಮಾಡಿದ ಮೂಲದರ ಏಳು ವರ್ಷ ಒಂದು ಪೌಂಡೂ ಏರಲಿಲ್ಲ. ಬಡ ಮನೆಯ ಮಕ್ಕಳಿಗೆ ವಾರಕ್ಕೆ 30 ಪೌಂಡಿನವರೆಗೆ ಸಿಗುತ್ತಿದ್ದ ಭತ್ಯೆ 2004ರಲ್ಲಿ ದೇಶವಿಡೀ ಬಂದಿತ್ತು. ಇಂಗ್ಲೆಂಡಿನಲ್ಲಿ 2011ರಲ್ಲಿ ಅದನ್ನು ನಿಲ್ಲಿಸಿದರು. ಅದರ ಜಾಗದಲ್ಲಿ ಸಣ್ಣ ನೆರವು ಬಂತು. ಆ 30 ಪೌಂಡು ಒಂದು ಮಗುವಿನ ಬಸ್ ಚಾರ್ಜು, ಮಧ್ಯಾಹ್ನದ ಊಟ. ಅದನ್ನು ನಿಲ್ಲಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಬಸ್ ಚಾರ್ಜಿನ ಮಾತು ಬಂದದ್ದಕ್ಕೆ ನಮ್ಮ ಕಾಲೇಜಿನ ವಿಷಯ ಹೇಳಿ ನಿಲ್ಲಿಸುತ್ತೇನೆ. ನಮ್ಮ ಲೈಬ್ರರಿ ನಾಲ್ಕು ಗಂಟೆಗೆ ಮುಚ್ಚುತ್ತದೆ. ಹಳ್ಳಿ ಕಡೆ ಹೋಗುವ ಬಸ್ಸು ಬರುವುದು ಆರು ಗಂಟೆಗೆ. ಆ ಎರಡು ಗಂಟೆ ನೂರಕ್ಕೂ ಹೆಚ್ಚು ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ. ಹೆಣ್ಣುಮಕ್ಕಳು ಬ್ಯಾಗ್ ಎದೆಗೆ ಒತ್ತಿಕೊಂಡು ನಿಂತಿರುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಪ್ರಿನ್ಸಿಪಾಲರೇ, ಆಡಳಿತ ಮಂಡಳಿಯವರೇ, ಲೈಬ್ರರಿಯನ್ನು ಐದೂ ಮುಕ್ಕಾಲರವರೆಗೆ ತೆರೆದಿಡಿ. ಅಲ್ಲಿ ಒಬ್ಬ ಉಪನ್ಯಾಸಕರು ಕೂತಿರಲಿ, ಮಕ್ಕಳು ಏನಾದರೂ ತಂದು ತೋರಿಸಿದರೆ ನೋಡಲಿಕ್ಕೆ. ಸಿಬ್ಬಂದಿ ಇಲ್ಲ ಎನ್ನುತ್ತೀರಿ, ಗೊತ್ತು. ಸೋಮವಾರದಿಂದ ನಾನು ಬಂದು ಕೂರುತ್ತೇನೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಹೇಳಿದರೆ ಸಾಕು.